ಅಕ್ಕಿ ತೊಳೆದ ನೀರಿನ ಬಣ್ಣ

ಕಪಿಲೆ ದಡದಲ್ಲಿ ಒಂದು ಸಣ್ಣ ಆಶ್ರಮ ಇತ್ತು. ಅಲ್ಲಿದ್ದಿದ್ದು ಮೂರೇ ಜನ. ಗುರುಗಳು, ಶಿಷ್ಯ ಶಂಭು, ಅಡುಗೆ ಮಾಡೋ ಪುಟ್ಟತಾಯಮ್ಮ.

ಪುಟ್ಟತಾಯಮ್ಮ ಮೂವತ್ತು ವರ್ಷ ದಿನಾ ಹೊಳೆ ಮೆಟ್ಟಿಲ ಮೇಲೆ, ಮರದ ಕೆಳಗೆ ಕೂತು ಅಕ್ಕಿ ಆರಿಸ್ತಿದ್ರು. ಒಂದಿನ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಅವತ್ತಿಂದ ಒಳಗಿನ ಕೋಣೇಲೇ ಮಲಗಿದ್ರು. ಎದ್ದು ಓಡಾಡೋದು ಇನ್ನು ಕಷ್ಟ ಅಂತ ಡಾಕ್ಟ್ರು ಹೇಳಿದ್ರು. ಆ ಕೋಣೆಯಿಂದ ಹೊಳೆ ಕಾಣ್ತಿರಲಿಲ್ಲ.

"ಹೊಳೆ ನೋಡ್ಬೇಕು ಅನ್ಸುತ್ತೆ ಬುದ್ಧಿ," ಅಂದ್ರು ಗುರುಗಳ ಹತ್ರ.

ಮೂವತ್ತು ವರ್ಷದಲ್ಲಿ ಅವರು ಕೇಳಿದ್ದು ಅದೊಂದೇ.

ಆಶ್ರಮಕ್ಕೆ ಬರ್ತಿದ್ದ ಚಿಕ್ಕಣ್ಣನಿಗೆ ಪೇಟೇಲಿ ಟಿವಿ ಅಂಗಡಿ. ಅವನು ಒಂದು ಎಚ್‌ಡಿ ಟಿವಿ ತಂದು ಆ ಕೋಣೇಲಿ ಹಾಕಿದ. ಹೊಳೆ ಮೆಟ್ಟಿಲಿನ ಎದುರಿಗೆ ಒಂದು ಕ್ಯಾಮೆರಾ ಕಟ್ಟಿ, ಅಲ್ಲಿ ಆಗೋದು ಆಗಿಂದಾಗ್ಲೇ ಟಿವೀಲಿ ಕಾಣೋ ಹಾಗೆ ಮಾಡಿದ.

"ಸಂಜೆ ಬರ್ತೀನಿ. ಅಜ್ಜಿಗೆ ಹಿಡಿಸ್ಲಿಲ್ಲ ಅಂದ್ರೆ ಬಿಚ್ಕೊಂಡು ಹೋಗ್ತೀನಿ," ಅಂದ.

ಶಂಭು ಬೆಳಿಗ್ಗೆ ತಳ ಹಿಡಿದಿದ್ದ ಅನ್ನದ ಪಾತ್ರೇನ ಹೊಳೆ ಮೆಟ್ಟಿಲ ಮೇಲೆ ನೆನೆಹಾಕಿ ಬಂದಿದ್ದ. ರಿಮೋಟ್ ಸಿಕ್ಕಿದ್ದೇ ಅದು ಮರ್ತುಹೋಯ್ತು.

ಕಲರ್ ಪೂರ್ತಿ ಏರಿಸ್ದ. ಬಣ್ಣಾನ ನೀಲಿ ಕಡೆ ತಿರುಗಿಸ್ದ. ಕಾಂಟ್ರಾಸ್ಟ್ ಏರಿಸ್ದ. ನೀರು ಕ್ಯಾಲೆಂಡರ್ ಚಿತ್ರದ ಥರ ನೀಲಿ ಆಯ್ತು. ಮರದ ನೆರಳು ಮಸಿ ಬಳಿದ ಹಾಗೆ ಕಪ್ಪಾಯ್ತು.

"ಹೆಂಗಿದೆ ತಾಯಮ್ಮ?"

ಅವರು ಸುಮಾರು ಹೊತ್ತು ನೋಡಿದ್ರು.

"ಯಾವ ಊರಿನ ಹೊಳೆ ಮಗ ಇದು?"

"ನಮ್ಮದೇ."

"ನಮ್ದಲ್ಲ ಬಿಡು," ಅಂತ ಗೋಡೆ ಕಡೆ ತಿರುಗಿ ಮಲಗಿದ್ರು.

ಶಂಭು ಗುರುಗಳ ಹತ್ರ ಹೋದ.

"ಗುರುಗಳೇ, ಟಿವಿ ತುಂಬಾ ಚೆನ್ನಾಗಿದೆ. ಹತ್ರ ಹೋಗಿ ನೋಡ್ದೆ, ಒಂದೊಂದು ಎಲೇನೂ ಎಣಿಸ್ಬೋದು. ತಾಯಮ್ಮನ ಕಣ್ಣೇ ಮಂಜಾಗಿದೆ ಅನ್ಸುತ್ತೆ."

"ಎಲೆ ಎಣಿಸ್ದೆಯಾ?"

"ಹೂಂ."

"ಸರಿ. ಒಂದು ಚೊಂಬು ಹೊಳೆ ನೀರು ತಗೊಂಡು ಬಾ."

ಶಂಭು ಓಡಿ ಹೋದ, ಓಡಿ ಬಂದ.

ಗುರುಗಳು ಆ ನೀರನ್ನ ಬಿಳಿ ಪಿಂಗಾಣಿ ಬಟ್ಟಲಿಗೆ ಸುರಿದು ಟಿವಿ ಪಕ್ಕ ಇಟ್ರು.

ಟಿವೀಲಿ ನೀಲಿ. ಬಟ್ಟಲಲ್ಲಿ ಅಕ್ಕಿ ತೊಳೆದ ನೀರಿನ ಬಣ್ಣ.

"ಆದ್ರೆ ಗುರುಗಳೇ, ನೀಲಿನೇ ಚೆಂದ ಅಲ್ವಾ?"

"ಚೆಂದನೇ. ಅವರು ಚೆಂದ ಕೇಳಿದ್ರಾ?"

ಶಂಭು ನೀಲಿ ಇಳಿಸ್ದ. ಕಲರ್ ಇಳಿಸ್ದ. ಬಟ್ಟಲು ನೋಡ್ದ, ಟಿವಿ ನೋಡ್ದ, ಇನ್ನೂ ಇಳಿಸ್ದ. ಅವನ ಕಣ್ಣಿಗೆ ಚಿತ್ರ ಪೂರ್ತಿ ಮಂಕಾಗಿ ಹೋಗಿತ್ತು.

"ಚಿಕ್ಕಣ್ಣ ನೋಡಿದ್ರೆ ನಗ್ತಾನೆ," ಅಂತ ಗೊಣಗಿದ.

ಪುಟ್ಟತಾಯಮ್ಮ ಮೆಲ್ಲಗೆ ಈ ಕಡೆ ತಿರುಗಿದ್ರು.

"ನೀರು ನಮ್ದೇ. ಮರದ ಕೆಳಗೆ ಯಾಕೆ ಹಂಗೆ ಕತ್ಲು?"

"ಅದು ನೆರಳು ತಾಯಮ್ಮ."

"ಆ ನೆರಳಲ್ಲೇ ಕೂತು ಅಕ್ಕೀಲಿ ಕಲ್ಲು ಹುಡುಕ್ತಿದ್ದೋಳು ನಾನು. ಅಷ್ಟು ಕತ್ಲಿದ್ದಿದ್ರೆ ನೀನೂ ಬುದ್ಧಿಯೋರೂ ಇಷ್ಟು ವರ್ಷ ಕಲ್ಲೇ ತಿಂತಿದ್ರಿ."

ಗುರುಗಳು ನಕ್ರು.

ಶಂಭು ಕಾಂಟ್ರಾಸ್ಟ್‌ನ ಒಂದೊಂದೇ ಇಳಿಸ್ತಾ ಹೋದ. ಕಪ್ಪು ನಿಧಾನಕ್ಕೆ ಬಿಟ್ಕೊಳ್ತು. ಬೇರು ಕಾಣಿಸ್ತು. ಪಾಚಿ ಕಾಣಿಸ್ತು. ಕೂತು ಕೂತು ಸವೆದ ಒಂದು ಕಲ್ಲು ಕಾಣಿಸ್ತು.

ಪುಟ್ಟತಾಯಮ್ಮನ ಬೆರಳು ಹೊದಿಕೆ ಮೇಲೆ ಅಕ್ಕಿ ಆರಿಸೋ ಹಾಗೆ ಆಡ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವರು ತಲೆ ಎತ್ತಿದ್ರು.

"ಲೋ ಶಂಭು, ಅನ್ನದ ಪಾತ್ರೆ ಅಲ್ಲೇ ಬಿಟ್ಟಿದ್ದೀಯಲ್ಲೋ. ನೀರು ಏರ್ತಾ ಇದೆ. ಆ ಮೆಟ್ಟಿಲಿಗೂ ಬಂತು ನೋಡು."

ಶಂಭು ನೋಡ್ದ. ಮರದ ನೆರಳಲ್ಲಿ ಮಸಿ ಹಿಡಿದ ಪಾತ್ರೆ ಇತ್ತು. ಚೊಂಬು ಹಿಡ್ಕೊಂಡು ಅದರ ಪಕ್ಕದಲ್ಲೇ ಎರಡು ಸಲ ಓಡಿದ್ದ.

ಅವನು ಗುರುಗಳ ಕಡೆ ತಿರುಗಿ ಮೆತ್ತಗೆ ಕೇಳ್ದ.

"ಗುರುಗಳೇ, ಟಿವಿ ಚೆನ್ನಾಗಿದೆಯೋ ಇಲ್ವೋ ಅಂತ ತಾಯಮ್ಮ ಹೇಳಲೇ ಇಲ್ಲ. ಸಂಜೆ ಚಿಕ್ಕಣ್ಣನಿಗೆ ಏನು ಹೇಳ್ಲಿ?"

ಗುರುಗಳು ಅವನ ಕೈಯಿಂದ ರಿಮೋಟ್ ಇಸ್ಕೊಂಡ್ರು.

"ಮೊದಲು ಹೋಗಿ ಪಾತ್ರೆ ತಗೊಂಡು ಬಾ."