ಕುದುರೆಗೆ ಪ್ರಭಾರ

ನಮ್ಮ ಕಚೇರಿಯ ಐದು ಜನ ಭಾನುವಾರ ಸೇರಿ ಕಥೆಯಾಟ ಆಡುತ್ತಿದ್ದರು. ಗುಮಾಸ್ತನೊಬ್ಬ ಕಥೆ ನಡೆಸುತ್ತಿದ್ದ. ಉಳಿದವರು ಅದರೊಳಗಿನ ಪಾತ್ರಗಳಾಗಿ, ಮುಂದೇನಾಗುತ್ತದೆಂದು ತಿಳಿಯಲು ದಾಳ ಉರುಳಿಸುತ್ತಿದ್ದರು. ರಾಜನ ಪಾತ್ರ ಮಾತ್ರ ಸೂಪರಿಂಟೆಂಡೆಂಟ್ ವೃಷಭೇಂದ್ರಪ್ಪನವರದೇ.

ಅವರು ಬರುತ್ತಿದ್ದುದೇ ಅಪರೂಪ. ಒಂದು ವಾರ ಮದುವೆ, ಇನ್ನೊಂದು ವಾರ ಮೀಟಿಂಗು. ಅಪ್ಪಣೆ ಮಾತ್ರ ಖಡಕ್ಕಾಗಿತ್ತು: "ರಾಜನಿಲ್ಲದೆ ರಾಜ್ಯ ನಡೀಬಾರದು ಕಣಯ್ಯಾ. ನಾನು ಬರೋವರೆಗೂ ಆಟ ನಿಲ್ಲಿಸು."

ಮೂರು ವಾರ ಆಟ ನಿಂತಿತು. ಉಳಿದವರೂ ಬೇರೆ ಕೆಲಸ ಹಚ್ಚಿಕೊಳ್ಳತೊಡಗಿದರು. ಇನ್ನು ಆಟವೇ ಮುಗಿಯಿತು ಅನ್ನಿಸಿ, ನಾಲ್ಕನೇ ವಾರ ಗುಮಾಸ್ತ ಆಡಿಸಿಯೇಬಿಟ್ಟ.

ಸೋಮವಾರ ಸಾಹೇಬರು ಕೆಂಡಾಮಂಡಲವಾದರು. "ಯಾರನ್ನ ಕೇಳಿ ಆಡಿಸಿದೆ?"

"ರೂಲ್ಸ್ ಪ್ರಕಾರಾನೇ ಸಾರ್. ಅಧಿಕಾರಿ ರಜೆ ಮೇಲಿದ್ರೆ ಪ್ರಭಾರ ಇನ್ನೊಬ್ಬರಿಗೆ ವಹಿಸಬೇಕಲ್ವಾ? ರಾಜರದ್ದೂ ವಹಿಸಿದೆ."

"ಯಾರಿಗೆ? ಮಂತ್ರಿಗಾ?"

"ಮಂತ್ರಿಗಳು ಯುದ್ಧಕ್ಕೆ ಹೋಗಿದ್ರು ಸಾರ್. ಅರಮನೇಲಿ ಇದ್ದದ್ದು ತಮ್ಮ ಕುದುರೆ ಒಂದೇ."

ಸಾಹೇಬರ ದನಿ ತಗ್ಗಿತು. "ಕುದುರೆ ಏನು ಮಾಡ್ತು?"

"ಏನೂ ಮಾಡಲಿಲ್ಲ ಸಾರ್, ಸುಮ್ನೆ ಹುಲ್ಲು ತಿಂತು. ಅದನ್ನೇ ಖಾಯಂ ಮಾಡಿ ಅಂತ ಪ್ರಜೆಗಳು ಅರ್ಜಿ ಕೊಟ್ಟಿದ್ದಾರೆ."

ಮುಂದಿನ ಭಾನುವಾರ ಗುಮಾಸ್ತ ಬರುವಷ್ಟರಲ್ಲಿ ರಾಜರು ದಾಳ ಹಿಡಿದು ಕೂತಿದ್ದರು.