ಮರಳಿನಡಿ ಹೋದ ಏಡಿ

ನದಿ ಕಡಲು ಸೇರುವ ಕಡೆ ಗುರು ಅನಂತಬೋಧರ ಆಶ್ರಮವಿತ್ತು. ಅಲ್ಲಿ ದೇವರಮನೆಯ ಕೆಲಸ ಶಿಷ್ಯೆ ಭಾರ್ಗವಿಯದು. ಅವಳು ಬಂದ ಮೇಲೆ ಹಿತ್ತಾಳೆ ದೀಪಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಧೂಳು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಒಮ್ಮೆ ದರ್ಶನಕ್ಕೆ ಬಂದ ಕುಟುಂಬವೊಂದು ಗಾಜಿನ ತೊಟ್ಟಿ ಬಿಟ್ಟುಹೋಯಿತು. ಒಳಗೆ ಮರಳು, ಒಂದು ಕಟ್ಟಿಗೆ ತುಂಡು, ಎರಡು ಸನ್ಯಾಸಿ ಏಡಿಗಳು. ಖಾಲಿ ಶಂಖದೊಳಗೆ ಮೈ ತೂರಿಸಿ, ಅದನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಜೀವಗಳು. ದೊಡ್ಡದರ ಶಂಖಕ್ಕೆ ಅಂಗಡಿಯವರು ಕೆಂಪು ಬಣ್ಣ ಬಳಿದಿದ್ದರು.

ಹೊಸ ಊರಿನಲ್ಲಿ ಮನೆ ಸಿಗುವವರೆಗೆ ನೋಡಿಕೊಳ್ಳಬೇಕಂತೆ. ಅವರ ಮಗಳು ಇಂಚರ ಅಳು ನಿಲ್ಲಿಸಲೇ ಇಲ್ಲ.

“ನೀನು ಬರೋ ಹೊತ್ತಿಗೆ ಎರಡನ್ನೂ ಜೀವಂತ ನಿನ್ನ ಕೈಗೆ ಕೊಡ್ತೀನಿ” ಎಂದು ಭಾರ್ಗವಿ ಮಾತು ಕೊಟ್ಟುಬಿಟ್ಟಳು.

ಕೊಟ್ಟ ಮಾತಿನಂತೆ ಅವಳು ತೊಟ್ಟಿಯನ್ನು ದೇವರಮನೆಯ ಹಾಗೇ ನೋಡಿಕೊಂಡಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಚಿಮುಕಿಸಿದಳು. ಬಾಳೆಹಣ್ಣು, ಕೊಬ್ಬರಿ ಚೂರುಗಳನ್ನು ಧಾರಾಳವಾಗಿ ಇಟ್ಟಳು. ಏಡಿಗಳು ಒಂದಿಷ್ಟು ಚಿವುಟಿ ತಿಂದು, ಉಳಿದದ್ದನ್ನು ಮರಳಲ್ಲಿ ಎಳೆದಾಡಿದವು.

ಸ್ವಲ್ಪ ದಿನಕ್ಕೇ ಮರಳ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಎದ್ದಿತು. ಕಟ್ಟಿಗೆ ಕಪ್ಪಾಯಿತು. ಭಾರ್ಗವಿ ಯಾರನ್ನೂ ಕೇಳದೆ ಮುಚ್ಚಳ ತೆಗೆದು, ತೊಟ್ಟಿಯನ್ನು ಗಾಳಿಬಿಸಿಲಿಗೆ ಇಟ್ಟಳು.

ಬಿಸಿಲೇರುವಷ್ಟರಲ್ಲಿ ಚಿಕ್ಕ ಏಡಿ ಶಂಖದಿಂದ ಅರ್ಧ ಹೊರಬಿದ್ದು ಸೋತು ಮಲಗಿತ್ತು. ಗುರುಗಳ ಬಳಿ ಓಡಿದಳು.

ಗುರುಗಳು ತೊಟ್ಟಿಯನ್ನು ನೆರಳಿಗೆ ತಂದು ಮುಚ್ಚಳ ಹಾಕಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿದರು. ಸಂಜೆಗೆ ಏಡಿ ಕಾಲಾಡಿಸಿತು.

“ಅದರ ಕಿವಿರು ತೇವವಾಗಿದ್ರೆ ಮಾತ್ರ ಉಸಿರು” ಎಂದರು.

“ತೇವ ಇದ್ರೆ ಬೂಷ್ಟು, ಒಣಗಿದ್ರೆ ಸಾವು. ನಾನೇನು ಮಾಡ್ಲಿ ಗುರುಗಳೇ?”

“ಸ್ವಲ್ಪ ಕಡಿಮೆ ಮಾಡು” ಎಂದು ಅವರು ನಕ್ಕು ಹೊರಟೇಹೋದರು. ಭಾರ್ಗವಿಗೆ ಸಿಟ್ಟೇ ಬಂತು.

ಆ ವಾರವೇ ದೊಡ್ಡ ಏಡಿ ಕಾಣೆಯಾಯಿತು. ಬೂಷ್ಟು ಮಾತ್ರ ಹಾಗೇ ಇತ್ತು. ಮರಳನ್ನೆಲ್ಲ ಸುರಿದು ತೊಳೆದು ಒಣಗಿಸುತ್ತೇನೆಂದು ಅವಳು ತೊಟ್ಟಿ ಎತ್ತಿದಾಗ ಗುರುಗಳು ಕೈ ಹಿಡಿದರು.

ಏಡಿ ಮರಳಿನಡಿ ಪೊರೆ ಕಳಚುತ್ತಿದೆ, ಈಗ ಅದರ ಮೈ ಬೆಣ್ಣೆಯಷ್ಟು ಮೆತ್ತಗೆ, ಕೆದಕಿದರೆ ಉಳಿಯುವುದಿಲ್ಲ ಎಂದರು. ಭಾರ್ಗವಿ ತೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಗುರುಗಳು ದೇವರಮನೆಗೆ ಬಂದು ಕುಳಿತರು. ಅವಳು ನೈವೇದ್ಯ ತೋರಿಸಿ, ಗಂಟೆ ಬಾರಿಸಿ, ತಟ್ಟೆಗೆ ಕೈ ಹಾಕಿದಳು.

“ಅಲ್ಲೇ ಇರಲಿ” ಎಂದರು ಗುರುಗಳು. “ನಾಳೆ ತೆಗೆದರಾಯ್ತು.”

“ಎಲ್ಲಾದರೂ ಉಂಟೇ? ತೋರಿಸಿದ ಮೇಲೆ ಎತ್ತಿಬಿಡಬೇಕು. ಇಲ್ಲೇ ಬಿಟ್ರೆ ಹಳಸಿ...”

ಭಾರ್ಗವಿ ತಟ್ಟೆಯನ್ನು ನೋಡಿದಳು, ಗುರುಗಳನ್ನು ನೋಡಿದಳು, ಎದ್ದು ತೊಟ್ಟಿಯ ಕಡೆ ನಡೆದಳು.

ಅಂದಿನಿಂದ ಚಿಟಿಕೆಯಷ್ಟು ತಿನಿಸು ಇಡುವುದು, ಉಳಿದದ್ದನ್ನು ಮಾರನೆ ಬೆಳಿಗ್ಗೆ ಎತ್ತುವುದು. ಬೂಷ್ಟು ಹಿಡಿದ ಮೇಲ್ಮರಳನ್ನಷ್ಟೇ ಚಮಚದಲ್ಲಿ ತೆಗೆದಳು. ಕಟ್ಟಿಗೆಯನ್ನು ಕುದಿಸಿ ಇಟ್ಟಳು. ಮುಚ್ಚಳದಲ್ಲಿ ಬೆರಳಷ್ಟು ಸಂದು ಬಿಟ್ಟಳು. ಹೊತ್ತು ನೋಡಿ ನೀರು ಹಾಕುವುದನ್ನು ನಿಲ್ಲಿಸಿ, ಗಾಜು ನೋಡಿ ಹಾಕಿದಳು. ಹನಿ ಇಳಿಯುತ್ತಿದ್ದರೆ ಹೆಚ್ಚು, ಪೂರ್ತಿ ಒಣಗಿದ್ದರೆ ಕಡಿಮೆ, ಉಸಿರು ತಾಗಿದಂತೆ ತೆಳ್ಳಗೆ ಮಂಜು ಕೂತಿದ್ದರೆ ಸರಿ.

ಆದರೂ ಮೂಲೆಯಲ್ಲಿ ಒಂದಿಷ್ಟು ಬೂಷ್ಟು ಹೋಗಲೊಲ್ಲದು. ಗುರುಗಳು ಹೊನ್ನೆಮರದ ಬುಡದಿಂದ ಒಂದು ಹಿಡಿ ಕೊಳೆತ ಎಲೆ ತಂದರು. ಅದರ ತುಂಬ ಸಾಸಿವೆಗಿಂತ ಸಣ್ಣ ಬಿಳಿ ಹುಳಗಳು.

ಭಾರ್ಗವಿ ಹಿಂದೆ ಸರಿದಳು. “ಗುರುಗಳೇ, ಹುಳ.”

“ಹೌದು, ಬೂಷ್ಟು ತಿನ್ನೋ ಹುಳ. ಎಲ್ಲಾ ಕೆಲಸ ನೀನೇ ಮಾಡ್ಬೇಕಾ?” ಎಂದು ಅವರು ತೊಟ್ಟಿಗೆ ಸುರಿದೇಬಿಟ್ಟರು.

ಅವುಗಳನ್ನು ಒಂದೊಂದಾಗಿ ಹೆಕ್ಕಿ ಬಿಸಾಡಬೇಕೆಂದು ಅವಳ ಬೆರಳು ಎಷ್ಟು ತುರಿಸಿತೋ ಅವಳಿಗೇ ಗೊತ್ತು. ಹಲ್ಲು ಕಚ್ಚಿ ಬಿಟ್ಟಳು. ಮಳೆಗಾಲ ಹಿಡಿಯುವ ಹೊತ್ತಿಗೆ ಬೂಷ್ಟಿನ ಸುಳಿವಿರಲಿಲ್ಲ.

ದೊಡ್ಡ ಏಡಿಯ ಸುಳಿವೂ ಇರಲಿಲ್ಲ. ಅಷ್ಟರಲ್ಲಿ ಇಂಚರಳ ಮನೆಯವರು ಬಂದರು.

ಹುಡುಗಿ ಗಾಜಿಗೆ ಮೂಗೊತ್ತಿ ನೋಡಿ, ಇನ್ನೊಂದು ಸತ್ತುಹೋಯಿತೇ ಎಂದು ಕೇಳಿದಳು. ಅದು ಮರಳಿನಡಿ ಇದೆ ಎಂದಷ್ಟೇ ಭಾರ್ಗವಿ ಹೇಳಿದಳು. ಮರಳು ಕೆದಕಿದರೆ ಗೊತ್ತಾಗುತ್ತದಲ್ಲ ಎಂದು ಅಪ್ಪ ಮುಚ್ಚಳಕ್ಕೆ ಕೈ ಹಾಕಿದರು.

ಭಾರ್ಗವಿ ಮುಚ್ಚಳದ ಮೇಲೆ ಅಂಗೈ ಊರಿದಳು.

“ಬೇಡ ಸರ್. ಅದು ಬದುಕಿದ್ರೆ ನಾವೇ ಕೊಂದ ಹಾಗಾಗುತ್ತೆ. ನನ್ನ ಮಾತು ಸುಳ್ಳಾದ್ರೂ ಚಿಂತೆಯಿಲ್ಲ, ಕೆದಕೋಕೆ ಬಿಡಲ್ಲ.”

ಊಟ ಮುಗಿಸಿ ಹೊರಡೋಣವೆಂದರು ಅಪ್ಪ. ಹುಡುಗಿ ಮಾತ್ರ ಊಟಕ್ಕೂ ಏಳದೆ ತೊಟ್ಟಿಯ ಮುಂದೆಯೇ ಕುಳಿತಳು. ಭಾರ್ಗವಿಯೂ ಕುಳಿತಳು.

ಮರಳು ಅಲುಗಿತು. ಒಂದು ಕಾಲು ಬಂತು, ಮತ್ತೊಂದು ಬಂತು. ಮರಳು ಕೊಡವಿಕೊಂಡು ದೊಡ್ಡ ಏಡಿ ಮೇಲೆದ್ದಿತು, ಮೊದಲಿಗಿಂತ ದೊಡ್ಡದಾಗಿ. ಕೆಂಪು ಶಂಖ ಅದಕ್ಕೀಗ ಬಿಗಿ. ಅದು, ಭಾರ್ಗವಿ ಕಡಲ ದಂಡೆಯಿಂದ ಆರಿಸಿ ತೊಟ್ಟಿಯೊಳಗೆ ತಂದಿಟ್ಟಿದ್ದ ಬಣ್ಣವಿಲ್ಲದ ಶಂಖದ ಬಳಿ ಹೋಗಿ, ಬಾಯಿ ಅಳೆದು ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅದರೊಳಗೆ ಸೇರಿಕೊಂಡಿತು.

ಇಂಚರಳ ಕೂಗಿಗೆ ಆಶ್ರಮವೇ ಓಡಿಬಂತು. ಅಡುಗೆಯವರು ಸೌಟಿನಿಂದ ತಟ್ಟೆ ಬಾರಿಸಿದರು. ಅಪ್ಪ ಕೈಮುಗಿದರು. ಭಾರ್ಗವಿ ಅಳುತ್ತಳುತ್ತಲೇ ನಕ್ಕಳು. ಗಾಜು ನೋಡುವುದನ್ನು, ಉಳಿದದ್ದು ಎತ್ತುವುದನ್ನು ಹುಡುಗಿಗೆ ಕಲಿಸಿ, ಎರಡು ಏಡಿಗಳನ್ನೂ ಅವಳಿಗೆ ಒಪ್ಪಿಸಿ ಕಳಿಸಿದಳು.

ಖಾಲಿ ಕೆಂಪು ಶಂಖ ಉಳಿಯಿತು. ಅವಳು ಅದನ್ನು ತೊಳೆದು, ಒರೆಸಿ, ದೇವರ ಮುಂದೆ ಎಲ್ಲರಿಗೂ ಕಾಣುವಂತೆ ಇಟ್ಟಳು. ಬಂದವರಿಗೆಲ್ಲ ಕಥೆ ಹೇಳಿದಳು. ಮರುದಿನವೂ ಹೇಳಿದಳು.

ಮೂರನೆಯ ದಿನ ಗುರುಗಳು ಬಂದು ಶಂಖದ ಮುಂದೆ ನಿಂತರು.

“ಚೆನ್ನಾಗಿದೆಯಲ್ಲ ಗುರುಗಳೇ?” ಎಂದಳು ಭಾರ್ಗವಿ, ಹಿಗ್ಗಿನಿಂದ.

“ತುಂಬ ಚೆನ್ನಾಗಿದೆ. ನೈವೇದ್ಯ ಆಯ್ತಲ್ಲ ತಾಯಿ, ಇನ್ನು ಎತ್ತಿಬಿಡು.”