ಜಿಂಕೆಗೆ ತಕ್ಕ ಬೋರು

ದೇಪರಾಜೇ ಅರಸರ ಮನೆಯಲ್ಲಿ ಬಂದೂಕು ಮೂರಿದ್ದವು, ಗುರಿ ಮಾತ್ರ ಒಂದೂ ಇರಲಿಲ್ಲ.

ಒಂದು ದಿನ ಅವರು ಕೋವಿ ಒರೆಸುವ ಆಳು ಬಿಳಿಗಿರಿಯನ್ನು ಕರೆದು ಗುಡುಗಿದರು.

"ನಾಳೆ ಅಮಲ್ದಾರರು ನಮ್ಮ ಜೊತೆ ಬೇಟೆಗೆ ಬರ್ತಾರೆ. ಜಿಂಕೆಗೆ ಯಾವ ಬೋರಿನ ಕೋವಿ ಸರಿ, ನಳಿಗೆ ಎಷ್ಟು ಅಗಲ ಇರಬೇಕು, ನೋಡಿ ಆರಿಸು. ಜಿಂಕೆ ತಪ್ಪಿಸಿಕೊಂಡರೆ ನೀನು ಗಂಟುಮೂಟೆ ಕಟ್ಟು!"

ಬಿಳಿಗಿರಿ ಮೂರನ್ನೂ ಬಯಲಿಗೆ ಒಯ್ದು ಒಂದೊಂದು ಗುಂಡು ಹಾರಿಸಿದ. ಗುಂಡು ಎಲ್ಲಿ ಬಿತ್ತೆಂದು ನೋಡಲೇ ಇಲ್ಲ. ಸದ್ದಿಗೆ ಮಾತ್ರ ಕಿವಿಗೊಟ್ಟ.

"ಮುನ್ನೂರ ಎಪ್ಪತ್ತೈದರ ಬೋರಿನದೇ ಸರಿ, ಬುದ್ಧಿ."

"ಅದು ಕಾಡುಕೋಣ ಹೊಡೆಯೋದಲ್ವೇನೋ?"

"ತಮ್ಮ ಕೈಗೆ ಅದೇ ಒಪ್ಪೋದು."

ಅರಸರು ಮೀಸೆ ತಿರುವಿದರು.

ಮರುದಿನ ಅರಸರು ಗುಂಡು ಹಾರಿಸಿದ್ದೇ ತಡ, ಕಾಡೇ ನಡುಗಿತು. ಆ ಸದ್ದಿನಲ್ಲಿ, ಹಿಂದಿನ ಪೊದೆಯಿಂದ ಬಿಳಿಗಿರಿಯ ಹಳೇ ನಾಡಕೋವಿ ಢಂ ಎಂದದ್ದು ಯಾರಿಗೂ ಕೇಳಲಿಲ್ಲ. ಜಿಂಕೆ ಬಿತ್ತು. ಅಮಲ್ದಾರರು "ಭಲೇ!" ಎಂದರು.

ರಾತ್ರಿ ಜಿಂಕೆಮಾಂಸದ ಊಟಕ್ಕೆ ಕೂತಾಗ ಅರಸರ ಹಲ್ಲಿಗೆ ಏನೋ ಕಟ್ ಎಂದಿತು. ತೆಗೆದು ನೋಡಿದರೆ ಗೋಲಿಯಂಥ ಸೀಸದ ಗುಂಡು. ಅವರ ರೈಫಲ್ಲಿನದು ಉದ್ದನೆಯದು; ಗೋಲಿಯಂಥದ್ದು ಹಾರುವುದು ನಾಡಕೋವಿಯಿಂದ. ಬಾಗಿಲಲ್ಲಿ ನಿಂತಿದ್ದ ಬಿಳಿಗಿರಿ ಒಂದು ಹೆಜ್ಜೆ ಹಿಂದೆ ಸರಿದ. ಅರಸರು ಅವನನ್ನೊಮ್ಮೆ ನೋಡಿ, ಗುಂಡನ್ನು ಮೆಲ್ಲಗೆ ಜೇಬಿಗಿಳಿಸಿದರು.

ಅಮಲ್ದಾರರ ಜಟಕಾ ಹೋದಮೇಲೆ ಅರಸರು ಬಿಳಿಗಿರಿಯ ಕೈಗೆ ಡಬ್ಬಿ ತುಂಬ ಕೋವಿಮದ್ದು ಕೊಟ್ಟು, ಅದರ ಮೇಲೆ ಆ ಗುಂಡನ್ನಿಟ್ಟರು. ದನಿ ತಗ್ಗಿತ್ತು.

"ನನ್ನ ಮಾನ ಉಳಿಸಿದೆಯಪ್ಪಾ. ಇನ್ನುಮೇಲೆ ನಿನ್ನ ಕೋವಿಗೂ ಮದ್ದು ನಮ್ಮ ಮನೇದೇ. ಆದರೆ ಮಾಂಸ ಅಡುಗೆಮನೆಗೆ ಹೋಗೋ ಮುಂಚೆ, ನಮ್ಮ ಗುರಿಯನ್ನ ಅದರಿಂದ ತೆಗೆದುಬಿಡು."